ಕೊನೆಯ ಸಾಲು ಕೊನೆಗೆ

ಕೋರ್ಟಿನಲ್ಲಿ ಸಾಕ್ಷಿಯ ಹೇಳಿಕೆ ಬರೆದುಕೊಂಡ ಹಾಳೆಯ ತಳದಲ್ಲಿ ಒಂದು ಸಾಲು ಇರುತ್ತದೆ: 'ಓದಿ ಹೇಳಲಾಯಿತು, ಸರಿ ಇದೆ ಎಂದು ಒಪ್ಪಿದರು.' ಅದರ ಕೆಳಗೆ ಸಾಕ್ಷಿಯ ಸಹಿ ಇಲ್ಲವೇ ಹೆಬ್ಬೆಟ್ಟು, ಪಕ್ಕದಲ್ಲಿ ನ್ಯಾಯಾಧೀಶರ ಸಹಿ. ನನ್ನ ನೌಕರಿಯ ಉದ್ದಕ್ಕೂ ನಾನು ಆ ಸಾಲನ್ನು ಹೊಡೆದಿದ್ದೇನೆ. ಮೊದಲು ಮಷೀನಿನ ಮೇಲೆ, ಆಮೇಲೆ ಕಂಪ್ಯೂಟರಿನ ಮೇಲೆ. ನಿವೃತ್ತನಾಗಿ ಆರು ವರ್ಷವಾಯಿತು. ಪರೀಕ್ಷೆ ಪಾಸು ಮಾಡಿ ಹೊಸದಾಗಿ ಕೋರ್ಟಿನ ಬೆರಳಚ್ಚು ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಹೇಳಬೇಕಾದದ್ದು ಹೆಚ್ಚೇನಿಲ್ಲ, ಆ ಒಂದು ಸಾಲಿನ ವಿಷಯ ಅಷ್ಟೆ. ಆದರೆ ಅದನ್ನು ಹೇಳಬೇಕಾದರೆ ಚನ್ನವೀರಪ್ಪ ಸಾಹೇಬರ ವಿಷಯ ಹೇಳಬೇಕು. ಅವರು ತೀರಿಕೊಂಡು ಎರಡು ತಿಂಗಳಾಯಿತು.

ರಾಯಚೂರಿನಲ್ಲಿ ವಕೀಲರೆಲ್ಲ ಸೇರಿ ಅವರಿಗೆ ಸಂತಾಪ ಸಭೆ ಮಾಡಿದರು. ಮುಂದಿನ ಕುರ್ಚಿಯಲ್ಲಿ ಅವರ ಹೆಂಡತಿ ಗಿರಿಜಾ ಅಕ್ಕೋರು ಕುಳಿತಿದ್ದರು. ಸಾಲಿಯಲ್ಲಿ ಪಾಠ ಹೇಳುತ್ತಿದ್ದವರು, ಅದಕ್ಕೇ ಊರಿಗೆಲ್ಲ ಅಕ್ಕೋರು. ಮಾತಾಡಿದವರೆಲ್ಲ ಒಳ್ಳೆಯದನ್ನೇ ಹೇಳಿದರು. ಕೊನೆಗೆ ಒಬ್ಬ ಹಿರಿಯ ವಕೀಲರು ಎದ್ದು ನಿಂತು, "ಸಾಹೇಬ್ರು ಜಡ್ಜ್ ಆಗೋದಕ್ಕಿಂತ ಮುಂಚೆ ದೇವದುರ್ಗದಾಗ ಸರ್ಕಾರಿ ವಕೀಲರಿದ್ರು, ಭಾರಿ ವಿಕೆಟ್ ಕೀಪರ್ ಇದ್ರು. ಕೈಗೆ ಬಂದ ಚೆಂಡು ಬಿಟ್ಟೋರಲ್ಲ. ತಮ್ಮ ಬೌಲರನ್ನೂ ಬಿಟ್ಟುಕೊಡಲಿಲ್ಲ ಬಿಡ್ರಿ!" ಎಂದರು. ಸಭೆ ಸಣ್ಣಗೆ ನಕ್ಕಿತು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹಳೆಯ ಮಾತು, ಎಷ್ಟೋ ವರ್ಷದಿಂದ ಸವೆದು ನುಣ್ಣಗಾಗಿ ಈಗ ನಗೆಮಾತಾಗಿದೆ. ಅಕ್ಕೋರು ಮಾತ್ರ ತಲೆ ತಗ್ಗಿಸಿ ಸೆರಗಿನ ಅಂಚು ನೋಡುತ್ತ ಕುಳಿತರು.

ಆ ಮಾತಿನ ಅರ್ಥ ಇಷ್ಟು: ಚನ್ನವೀರಪ್ಪನವರು ಸರ್ಕಾರಿ ವಕೀಲರಾಗಿದ್ದಾಗ ತಮ್ಮ ತಂಡದ ಬೌಲರ್ ಒಬ್ಬ ಆರೋಪಿಯಾದ, ಅವನನ್ನು ಉಳಿಸಲು ಸಾಕ್ಷಿಗೆ ಹೇಳಿಕೊಟ್ಟು ಮಾತು ತಿರುಗಿಸಿದರು. ಇದು ಸುಳ್ಳು. ಹೇಗೆ ಸುಳ್ಳು ಎಂಬುದು ಇಬ್ಬರಿಗೆ ಗೊತ್ತಿತ್ತು, ಅವರಿಗೆ ಮತ್ತು ನನಗೆ. ಈಗ ನನಗೊಬ್ಬನಿಗೇ. ನಾನು ಅಂದು ಕೊನೆಯ ಬೆಂಚಿನಲ್ಲಿದ್ದೆ. ಎದ್ದು ನಿಂತು ಹೇಳಬೇಕಿತ್ತು. ಏಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಮೌಲಾಲಿ. ರಾಯಚೂರಿನವನು. ತಂದೆ ಗಂಜ್ ಮಾರುಕಟ್ಟೆಯಲ್ಲಿ ಹತ್ತಿಯ ತೂಕ ಹಾಕುತ್ತಿದ್ದರು. ನಾನು ಪಿಯುಸಿ ಮುಗಿಸಿ ಕನ್ನಡ ಟೈಪಿಂಗ್ ಕಲಿತೆ. ಮನೆಯಲ್ಲಿ ಆಡುವುದು ದಖನಿ, ಹೊಟ್ಟೆ ಹೊರೆದದ್ದು ಕನ್ನಡ. ಮೊದಲ ನೌಕರಿ ದೇವದುರ್ಗದಲ್ಲಿ. ಅಲ್ಲಿ ನಾನು ಸೇರಿದ ವಾರವೇ ಹಳೆಯ ಬೆರಳಚ್ಚುಗಾರರು ನಿವೃತ್ತರಾದರು. ಹೋಗುವ ಮುನ್ನ ಮಷೀನಿನ ಮೇಲೆ ಕೈಯಾಡಿಸುತ್ತ ನನಗೊಂದು ಉಪಾಯ ಹೇಳಿಕೊಟ್ಟರು.

"ನೋಡಪಾ, ದಿನಾ ಹತ್ತು ಹದಿನೈದು ಮಂದಿ ಸಾಕ್ಷಿ ಬರ್ತಾರ. ಮುಂಜಾನೆ ಬಂದ ಕೂಡ್ಲೇ ಇಪ್ಪತ್ತು ಹಾಳಿ ತಯಾರ್ ಮಾಡಿಟ್ಕೊ. ಮ್ಯಾಲ ಪ್ರಮಾಣದ ಸಾಲು, ಕೆಳಗ ಓದಿ ಹೇಳಿದ ಸಾಲು. ನಡುವ ಅವರು ಏನ್ ಹೇಳ್ತಾರೋ ಅದನ್ನ ತುಂಬು. ಭಾಳ ಆತಂದ್ರ ನಡುವ ಒಂದು ಬರೀ ಹಾಳಿ ಸೇರ್ಸು."

"ಓದಿ ಹೇಳೋದು ಯಾವಾಗ್ರೀ?" ಎಂದೆ.

ಅವರು ನನ್ನ ಮುಖ ನೋಡಿದರು. "ಓದ್ತಾ ಕುಂತ್ರ ನಿನ್ನ ಬಸ್ ಯಾರು ನಿಲ್ಲಸ್ತಾರ?" ಎಂದು ನಕ್ಕರು.

ಹಾಗೆ ನಡೆಯಿತು. ಸಾಕ್ಷಿ ತನ್ನ ಮಾತಿನಲ್ಲಿ ಹೇಳುವುದು, ಮ್ಯಾಜಿಸ್ಟ್ರೇಟರು ಅದನ್ನು ಬರಹದ ಕನ್ನಡಕ್ಕೆ ತಿರುಗಿಸಿ ನನಗೆ ಹೇಳುವುದು, ನಾನು ಮೂರು ಕಾರ್ಬನ್ ಇಟ್ಟು ಹೊಡೆಯುವುದು. ಹಾಳೆ ಹೊರಗೆ ಎಳೆದರೆ ತಳದಲ್ಲಿ ಸಾಲು ಸಿದ್ಧವಾಗಿರುತ್ತಿತ್ತು. ಸಾಕ್ಷಿ ಹೆಬ್ಬೆಟ್ಟು ಒತ್ತಿ, ಬೆರಳನ್ನು ಗೋಡೆಗೆ ಒರೆಸಿ ಹೋಗುತ್ತಿದ್ದರು. ಆ ಗೋಡೆಯ ತುಂಬ ನೀಲಿ ಗುರುತುಗಳು. ಅಷ್ಟು ಜನರಲ್ಲಿ ಒಬ್ಬರಿಗೂ ನಾನು ಓದಿ ಹೇಳಿರಲಿಲ್ಲ.

ಚನ್ನವೀರಪ್ಪನವರು ಅಲ್ಲಿ ಸರ್ಕಾರಿ ವಕೀಲರಾಗಿದ್ದರು. ಕೊಪ್ಪಳದ ಕಡೆಯವರು. ಗಿಡ್ಡ ಆಳು, ಗಟ್ಟಿ ಮೈ. ಎಡಗೈಯ ಕಿರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ವಾದಕ್ಕೆ ಎದ್ದು ನಿಂತಾಗ ಮೊಣಕಾಲು ಚಟಕ್ಕೆಂದು ಸದ್ದು ಮಾಡುತ್ತಿತ್ತು. ವರ್ಷಗಟ್ಟಲೆ ಸ್ಟಂಪಿನ ಹಿಂದೆ ಕುಕ್ಕರಗಾಲಲ್ಲಿ ಕೂತ ಫಲ. ಆ ಸದ್ದು ಕೇಳಿದರೆ ಎದುರು ವಕೀಲರು ಕಾಗದ ಸರಿಪಡಿಸಿಕೊಳ್ಳುತ್ತಿದ್ದರು.

ಭಾನುವಾರ ಕಾಲೇಜಿನ ಹಿಂದಿನ ಬಯಲಿನಲ್ಲಿ ಆಟ. ವಕೀಲರು, ಪೊಲೀಸರು, ಕೋರ್ಟಿನವರು, ಊರಿನ ನಾಲ್ಕಾರು ಹುಡುಗರು. ಎರೆಮಣ್ಣಿನ ಮೇಲೆ ನಾರಿನ ಮ್ಯಾಟು ಹಾಸಿ ನಾಲ್ಕು ಮೂಲೆಗೆ ಮೊಳೆ ಹೊಡೆಯುತ್ತಿದ್ದರು. ಒಂದು ದಿನ ಸಾಹೇಬರು ನನ್ನನ್ನು ಕೇಳಿದರು.

"ಏನೋ ಮೌಲಾಲಿ, ಆಡ್ತೀಯೇನು?"

"ಇಲ್ರೀ ಸಾಹೇಬ್ರ. ಚೆಂಡಂದ್ರ ಅಂಜಿಕಿ ನನಗ."

"ಹಂಗಾದ್ರ ಬರಿ. ಬರಿಯೋದಕ್ಕೇನೂ ಅಂಜಿಕಿ ಇಲ್ಲಲ್ಲ?"

ಹೀಗೆ ನಾನು ಸ್ಕೋರರ್ ಆದೆ. ಬೇವಿನ ಗಿಡದ ಕೆಳಗೆ ಒಂದು ಸ್ಟೂಲು, ಒಂದು ಉದ್ದನೆಯ ಪುಸ್ತಕ. ಪಿಟಿ ಮಾಸ್ತರರು ಅಂಪೈರು. ಮೊದಲ ದಿನ ಅವರು ಕೈ ಬೀಸಿ ನಾಲ್ಕು ರನ್ ಎಂದು ತೋರಿಸಿದರು, ನಾನು ಬರೆದುಕೊಂಡೆ. ಆದರೆ ಆಟ ಮುಂದೆ ಸಾಗಲಿಲ್ಲ. ತಲೆ ಎತ್ತಿ ನೋಡಿದರೆ ಸಾಹೇಬರು ಚೆಂಡನ್ನು ಗ್ಲೌಸಿನಲ್ಲಿ ಹಿಡಿದುಕೊಂಡು ನಿಂತಿದ್ದಾರೆ. ಆ ಬಿಸಿಲಿನಲ್ಲಿ ಹದಿನೈದು ಜನ ನನ್ನನ್ನೇ ನೋಡುತ್ತಿದ್ದಾರೆ.

"ಏ ಸ್ಕೋರರ್! ಕೈ ಎತ್ತಪಾ!"

"ಬರದೀನ್ರೀ ಸಾಹೇಬ್ರ!"

"ನೀ ಬರದೀ ಅಂತ ನಮಗ್ಹೆಂಗ ಗೊತ್ತಾಗಬೇಕು? ಅವರು ನಾಲ್ಕು ಅಂದ್ರು. ನಿನಗ ನಾಲ್ಕ ಅಂತನ ಕೇಳಿಸ್ತು ಅಂತ ನೀ ಕೈ ಎತ್ತಿ ಒಪ್ಪಬೇಕು. ಅಲ್ಲೀತನಕ ಮುಂದಿನ ಬಾಲ್ ಇಲ್ಲ."

ಕೈ ಎತ್ತಿದೆ. ಆಮೇಲೆ ಎಂದೂ ಮರೆಯಲಿಲ್ಲ. ಆಟದಲ್ಲಿ ಮರೆಯಲಿಲ್ಲ ಎಂದೆ, ಕೋರ್ಟಿನಲ್ಲಲ್ಲ.

ಆ ತಂಡದಲ್ಲಿ ಒಬ್ಬ ವೇಗದ ಬೌಲರ್ ಇದ್ದ. ಯಲ್ಲಪ್ಪ ಎಂದು ಕರೆಯೋಣ. ಪ್ರಕರಣದ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ನನ್ನದನ್ನೂ ಸಾಹೇಬರದನ್ನೂ ಬಿಟ್ಟು. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ. ಬಹಳ ದೂರದಿಂದ ಓಡಿ ಬಂದು ಬೌಲ್ ಮಾಡುವವನು. ಪಿಟಿ ಮಾಸ್ತರರು, "ಲೇ, ಅರಕೇರಾದಿಂದ ಓಡಿ ಬರಾಕತ್ತೀಯೇನೋ? ಅಲ್ಲೀತನಕ ನಾ ಒಂದ್ ನಿದ್ದಿ ಮಾಡ್ಲೇನು?" ಎಂದು ಕಾಡುತ್ತಿದ್ದರು. ಅವನೂ ಸಾಹೇಬರೂ ಆಟದಲ್ಲಿ ಮಾತೇ ಆಡುತ್ತಿರಲಿಲ್ಲ. ಸಾಹೇಬರು ಆ ಸೊಟ್ಟ ಬೆರಳನ್ನು ಗ್ಲೌಸಿನೊಳಗೇ ಸ್ವಲ್ಪ ಆಡಿಸಿದರೆ ಅವನಿಗೆ ಎಲ್ಲಿ ಹಾಕಬೇಕೆಂದು ತಿಳಿಯುತ್ತಿತ್ತು.

ಒಂದು ಸಂತೆಯ ದಿನ ಬಸ್ ನಿಲ್ದಾಣದ ಚಹಾ ಹೋಟೆಲಿನ ಮುಂದೆ ಯಲ್ಲಪ್ಪನ ಚಿಕ್ಕಪ್ಪನ ಮಗನಿಗೂ ಒಬ್ಬ ಪ್ರಯಾಣಿಕನಿಗೂ ಜಗಳವಾಯಿತು. ಪ್ರಯಾಣಿಕನ ಕೈ ಮುರಿಯಿತು. ಅಲ್ಲಿ ಇಬ್ಬರೂ ಇದ್ದರೆಂದು ಪೊಲೀಸರು ಇಬ್ಬರ ಮೇಲೂ ಕೇಸು ಹಾಕಿದರು. ಯಲ್ಲಪ್ಪ ಒಂದನೇ ಆರೋಪಿ, ಚಿಕ್ಕಪ್ಪನ ಮಗ ಎರಡನೇ ಆರೋಪಿ. ವಿಚಾರಣೆಯ ಮೊದಲ ದಿನವೇ ಸಾಹೇಬರು ಎಲ್ಲರ ಮುಂದೆ ಎದ್ದು ನಿಂತು, ಒಂದನೇ ಆರೋಪಿ ತಮ್ಮ ಜೊತೆ ಆಡುವವನು, ಬೇರೆ ವಕೀಲರನ್ನು ನೇಮಿಸುವುದಾದರೆ ನೇಮಿಸಬಹುದು ಎಂದರು. ತಾಲೂಕಿಗೆ ಇರುವವರು ನೀವೊಬ್ಬರೇ, ನೀವೇ ನಡೆಸಿ ಎಂದರು ಮ್ಯಾಜಿಸ್ಟ್ರೇಟರು. ಅಂದಿನಿಂದ ಸಾಹೇಬರು ಯಲ್ಲಪ್ಪನಿಗೆ ಕೇಸು ಮುಗಿಯುವವರೆಗೆ ಬಯಲಿಗೆ ಬರಬೇಡ ಎಂದುಬಿಟ್ಟರು.

ಕೋಲು ಬೀಸಿದವನು ಯಾರೆಂದು ಗದ್ದಲದಲ್ಲಿ ಪ್ರಯಾಣಿಕನಿಗೇ ಕಂಡಿರಲಿಲ್ಲ. ಕಣ್ಣಾರೆ ಕಂಡ ಸಾಕ್ಷಿ ಒಬ್ಬಳೇ, ನಿಲ್ದಾಣದ ಬಾಗಿಲಲ್ಲಿ ಪೇರಲ ಹಣ್ಣು ಮಾರುವ ಮುದುಕಿ ಹನುಮವ್ವ. ಅವಳು ಕಟಕಟೆಯಲ್ಲಿ ನಿಂತು ಬೆರಳು ಮಾಡಿ ತೋರಿಸಿ ಹೇಳಿದಳು. ಕೋಲಿನಿಂದ ಹೊಡೆದವನು ಎರಡನೇ ಆರೋಪಿ, ಬಿಡಿಸಲು ನಡುವೆ ಬಂದವನು ಒಂದನೇ ಆರೋಪಿ. ಮ್ಯಾಜಿಸ್ಟ್ರೇಟರು ಹಾಗೆಯೇ ನನಗೆ ಹೇಳಿದರು.

ನನ್ನ ತಲೆಯಲ್ಲಿ ಹಿಂದಿನ ಭಾನುವಾರದ ಸ್ಕೋರ್ ಪುಸ್ತಕವಿತ್ತು. ಆಟಗಾರರ ರನ್ನುಗಳನ್ನು ಕೂಡಿಸಿದರೆ ಒಟ್ಟು ಮೊತ್ತಕ್ಕೆ ಒಂದು ರನ್ ಕಡಿಮೆ ಬರುತ್ತಿತ್ತು. ಮೂರು ದಿನದಿಂದ ಆ ಒಂದು ರನ್ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದೆ. ಮ್ಯಾಜಿಸ್ಟ್ರೇಟರು ಹೇಳುತ್ತಿದ್ದರು, ಬೆರಳು ಹೊಡೆಯುತ್ತಿತ್ತು, ಮನಸ್ಸು ಬೇವಿನ ಗಿಡದ ಕೆಳಗಿತ್ತು. ಒಂದು ಇದ್ದಲ್ಲಿ ಎರಡು ಹೊಡೆದೆ, ಎರಡು ಇದ್ದಲ್ಲಿ ಒಂದು. ಹಾಳೆ ಹೊರಗೆಳೆದೆ. ತಳದಲ್ಲಿ ಸಾಲು ಮುಂಜಾನೆಯೇ ಹೊಡೆದಿಟ್ಟದ್ದು. ಹನುಮವ್ವ ಹೆಬ್ಬೆಟ್ಟು ಒತ್ತಿ, ಗೋಡೆಗೆ ಒರೆಸಿ ಹೋದಳು. ಯಲ್ಲಪ್ಪನ ವಕೀಲರು ಸಾಕ್ಷ್ಯ ತಮಗೆ ಅನುಕೂಲವಾಗಿಯೇ ಬಂತೆಂದು ಸಮಾಧಾನದಿಂದ ಮನೆಗೆ ಹೋದರು, ನಕಲು ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಆ ಮ್ಯಾಜಿಸ್ಟ್ರೇಟರಿಗೆ ವರ್ಗವಾಯಿತು. ಹೊಸಬರು ಬಂದರು. ಅವರು ಹನುಮವ್ವನನ್ನು ನೋಡಿದವರಲ್ಲ, ಅವಳ ಮಾತು ಕೇಳಿದವರಲ್ಲ. ಅವರ ಮುಂದಿದ್ದದ್ದು ಹಾಳೆ ಮಾತ್ರ. ಹೊಸದಾಗಿ ಸೇರುವವರು ಇದನ್ನು ನೆನಪಿಡಬೇಕು. ಸಾಕ್ಷಿ ಮನೆಗೆ ಹೋಗುತ್ತಾನೆ, ನ್ಯಾಯಾಧೀಶರು ಬೇರೆ ಊರಿಗೆ ಹೋಗುತ್ತಾರೆ, ನೀವು ಹೊಡೆದ ಹಾಳೆ ಅಲ್ಲೇ ಉಳಿಯುತ್ತದೆ.

ವಾದದ ದಿನ ಯಲ್ಲಪ್ಪನ ವಕೀಲರು ಹನುಮವ್ವನ ಸಾಕ್ಷ್ಯವನ್ನು ಎತ್ತಿಕೊಂಡರು. ಹೊಸ ಮ್ಯಾಜಿಸ್ಟ್ರೇಟರು ಕಡತ ತಿರುವಿ, "ಇಲ್ಲಿ ಬೇರೆಯೇ ಇದೆಯಲ್ಲ ವಕೀಲರೇ. ಹೊಡೆದವನು ಒಂದನೇ ಆರೋಪಿ ಎಂದಿದ್ದಾಳೆ. ಓದಿ ಹೇಳಿದ್ದಾರೆ, ಒಪ್ಪಿ ಹೆಬ್ಬೆಟ್ಟು ಹಾಕಿದ್ದಾಳೆ" ಎಂದರು. ವಕೀಲರ ಬಾಯಿ ತೆರೆದಂತೆಯೇ ಉಳಿಯಿತು. ಆರೋಪಿಯ ಕಟಕಟೆಯಲ್ಲಿ ಯಲ್ಲಪ್ಪ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡ. ಆ ಒಂದು, ಎರಡು, ಆಗ ನನಗೆ ನೆನಪಾಯಿತು.

ಚಟಕ್ಕೆಂದು ಮೊಣಕಾಲಿನ ಸದ್ದು. ಸಾಹೇಬರು ಎದ್ದು ನಿಂತಿದ್ದರು.

"ಸ್ವಾಮಿ, ಆಕೆ ಹಾಗೆ ಹೇಳಿಲ್ಲ. ನಾನು ಇಲ್ಲೇ ಇದ್ದೆ. ಆಕೆಯನ್ನು ಮತ್ತೊಮ್ಮೆ ಕರೆಸಬೇಕು. ಅರ್ಜಿ ನಾನೇ ಹಾಕುತ್ತೇನೆ."

"ಸರ್ಕಾರಿ ವಕೀಲರೇ, ಈ ಹೇಳಿಕೆ ನಿಮ್ಮ ಪರವಾಗಿದೆ."

"ಪರ ಅದರೀ ಸ್ವಾಮಿ. ಖರೆ ಇಲ್ಲ."

ಮ್ಯಾಜಿಸ್ಟ್ರೇಟರು ನನ್ನ ಕಡೆ ತಿರುಗಿದರು. "ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಿದ್ದೆಯೇನಪ್ಪ?"

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮಗಳು ಹುಟ್ಟಿ ನಲವತ್ತು ದಿನ. ಇವೆಲ್ಲ ಕಾರಣಗಳು ನನಗೆ ಆಮೇಲೆ ಹೊಳೆದವು. ಆ ಗಳಿಗೆಯಲ್ಲಿ ಬರೀ ಹೆದರಿಕೆ ಇತ್ತು.

"ಓದಿದ್ದೆ ಸ್ವಾಮಿ" ಎಂದೆ.

ಸಾಹೇಬರು ನನ್ನ ಕಡೆ ನೋಡಿದರು. ಕೂತು ಅರ್ಜಿ ಬರೆಯತೊಡಗಿದರು.

ಮುಂದಿನ ವಾಯಿದೆಗೆ ಹನುಮವ್ವ ಬಂದಳು. ಮ್ಯಾಜಿಸ್ಟ್ರೇಟರು ಹಳೆಯ ಹೇಳಿಕೆಯನ್ನು ನನ್ನಿಂದಲೇ ಜೋರಾಗಿ ಓದಿಸಿದರು. ಆ ಹಾಳೆಯನ್ನು ನಾನು ಓದಿದ್ದು ಅದೇ ಮೊದಲು.

"ಯವ್ವಾ! ಯಾರು ಹೇಳ್ಯಾರ ಇದನ್ನ?" ಎಂದಳು ಅವಳು. "ಹೊಡದಾಂವ ಆ ಮೂಲ್ಯಾಗ ನಿಂತಾನ ನೋಡ್ರಿ. ಈ ಹುಡುಗ ಬಿಡಿಸಾಕ ಬಂದಿದ್ದ, ಇವನಿಗೂ ಒಂದು ಏಟು ಬಿದ್ದದ."

"ಯಾರಾದರೂ ಹೀಗೆ ಹೇಳೆಂದು ನಿನಗೆ ಹೇಳಿಕೊಟ್ಟರೇನಮ್ಮ?"

"ಯಪ್ಪಾ, ನಾ ಹಣ್ಣು ಮಾರೋಕಿ. ಕಣ್ಣು ಮಾರಿಲ್ಲ."

ಯಲ್ಲಪ್ಪ ಬಿಡುಗಡೆಯಾದ. ಚಿಕ್ಕಪ್ಪನ ಮಗನಿಗೆ ಶಿಕ್ಷೆಯಾಯಿತು. ನ್ಯಾಯ ಸರಿಯಾಗಿಯೇ ಆಯಿತು ಎಂದು ನೀವು ಹೇಳಬಹುದು. ಆದರೆ ಹೊರಗೆ ಚಹಾ ಹೋಟೆಲಿನಲ್ಲಿ ಜನ ಬೇರೆ ಲೆಕ್ಕ ಹಾಕಿದರು. ಬೆರಳಚ್ಚಿನವನು ಓದಿ ಹೇಳಿದ್ದೆ ಎನ್ನುತ್ತಾನೆ, ಅಂದು ಒಪ್ಪಿದ ಮುದುಕಿ ಇಂದು ತಿರುಗಿದ್ದು ಹೇಗೆ? ತನ್ನ ಬೌಲರನ್ನು ಬಿಡಿಸಲು ಕೀಪರೇ ಹೇಳಿಕೊಟ್ಟಿರಬೇಕು. ನನ್ನ ಎರಡು ಮಾತಿನ ಮೇಲೆ ಈ ಇಡೀ ಕಥೆ ನಿಂತಿತು. ಮೇಲಿನವರು ಸಾಹೇಬರಿಂದ ವಿವರಣೆ ಕೇಳಿದರು. ಅವರು ಬರೆದ ಉತ್ತರವನ್ನು ಟೈಪು ಮಾಡಿದವನು ನಾನೇ. 'ಹೇಳಿಕೆಯನ್ನು ಅಂದೇ ಪರಿಶೀಲಿಸದೆ ಹೋದದ್ದು ನನ್ನ ಅಜಾಗರೂಕತೆ.' ಅದರಲ್ಲಿ ನನ್ನ ಹೆಸರಿರಲಿಲ್ಲ.

ಅದನ್ನು ಟೈಪು ಮಾಡಿ ಮುಗಿಸಿದ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರು ನನ್ನ ಮೇಜಿನ ಬಳಿ ಬಂದು ಸ್ಟೂಲಿನ ಮೇಲೆ ಕುಳಿತರು. ಮಷೀನಿನ ಪಕ್ಕದಲ್ಲಿ ಮರುದಿನದ ಹಾಳೆಗಳ ಕಟ್ಟು ಇತ್ತು. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಮೌಲಾಲಿ, ನಡುವ ಇಡೀ ಹಾಳಿ ಖಾಲಿ ಅದ. ಕೆಳಗಿನ ಸಾಲು ಮಾತ್ರ ತುಂಬೇದಲ್ಲೋ."

ನಾನು ಅಳತೊಡಗಿದೆ.

"ಮ್ಯಾಚ್ ಶುರು ಆಗೋಕ್ಕಿಂತ ಮುಂಚೇನ ಸ್ಕೋರ್ ಬರದಿಟ್ಟಂಗ ಆತು."

"ಸಾಹೇಬ್ರ, ನಾಳಿ ಹೋಗಿ ಖರೆ ಹೇಳ್ತೀನ್ರೀ."

"ಈಗ ಹೇಳಿದ್ರ ನಿನ್ನ ನೌಕರಿ ಹೋಗ್ತದ. ಕೂಸು ಎಷ್ಟು ತಿಂಗಳದ್ದು?" ಸ್ವಲ್ಪ ಹೊತ್ತು ಆ ಹಾಳೆಯನ್ನು ಮಡಿಸುತ್ತ ಕುಳಿತರು. "ನೌಕರಿ ಮುಗೀಲಿ. ಆಮ್ಯಾಲ ನಿನಗ ಹೇಳಬೇಕು ಅನಿಸಿದ್ರ ಹೇಳು. ನಾಳಿಯಿಂದ ಮಾತ್ರ, ಕೊನೀ ಸಾಲು ಕೊನೀಗೆ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಭಾನುವಾರ ಯಲ್ಲಪ್ಪ ಬಯಲಿಗೆ ಬಂದ. ಸಾಹೇಬರು ಬರಲಿಲ್ಲ. ಗ್ಲೌಸುಗಳನ್ನು ಜವಾನನ ಕೈಯಲ್ಲಿ ಕಳಿಸಿದ್ದರು. ಸೋಮವಾರ ನಾನು ಕೇಳಿದಾಗ ಹೇಳಿದರು: "ನಾ ಸ್ಟಂಪಿನ ಹಿಂದ ಕುಂತ್ರ ಮಂದಿ ಅವನ ಬೌಲಿಂಗ್ ನೋಡಂಗಿಲ್ಲೋ, ನಮ್ಮಿಬ್ಬರನ್ನ ನೋಡ್ತಾರ. ಅಂವ ಹುಡುಗ, ಆಡ್ಲಿ." ಯಲ್ಲಪ್ಪನಿಗೂ ಆಟ ಹತ್ತಲಿಲ್ಲ. ಬೇರೆ ಕೀಪರ್ ಅವನ ಚೆಂಡನ್ನು ಬಿಡುತ್ತಿದ್ದ. ಎರಡು ತಿಂಗಳಲ್ಲಿ ಶಕ್ತಿನಗರಕ್ಕೆ ಗುತ್ತಿಗೆ ಕೆಲಸಕ್ಕೆ ಹೋದ. ಸಾಹೇಬರು ಮತ್ತೆ ಎಂದೂ ಯಾವ ತಂಡಕ್ಕೂ ಆಡಲಿಲ್ಲ. ಸ್ಕೋರ್ ಪುಸ್ತಕದ ಆ ಒಂದು ರನ್ ಕೂಡ ನನಗೆ ಸಿಗಲಿಲ್ಲ.

ಅವರು ಪರೀಕ್ಷೆ ಬರೆದು ನ್ಯಾಯಾಧೀಶರಾದದ್ದು, ನನಗೆ ಬಡ್ತಿ ಬಂದದ್ದು ಇವನ್ನೆಲ್ಲ ಬಿಡುತ್ತೇನೆ. ಕೆಲವು ವರ್ಷದ ಮೇಲೆ ನಾನು ಮಾನ್ವಿಗೆ ವರ್ಗವಾಗಿ ಹೋದರೆ ಅಲ್ಲಿ ಅವರೇ ನ್ಯಾಯಾಧೀಶರು. ಒಳಗೆ ಕರೆದರು. ಕೂದಲು ಸ್ವಲ್ಪ ನರೆತಿತ್ತು.

"ಮೌಲಾಲಿ, ಕೊನೀ ಸಾಲು?"

"ಕೊನೀಗೇ ರೀ ಸಾಹೇಬ್ರ."

"ಕೈ?"

"ಯಾರ ಕೈ ರೀ?"

"ಸಾಕ್ಷೀದು. ನೀ ಓದು. ಸರಿ ಅದ ಅನಿಸಿದ್ರ ಅವರು ಕೈ ಎತ್ತಲಿ. ಅಲ್ಲೀತನಕ ಮುಂದಿನ ಸಾಕ್ಷಿ ಬ್ಯಾಡ."

ಹಾಗೆ ಮಾನ್ವಿಯಲ್ಲಿ ನಮ್ಮ ಪದ್ಧತಿ ಶುರುವಾಯಿತು. ಪ್ರತಿಯೊಂದು ಹೇಳಿಕೆಯನ್ನೂ ನಾನು ನಿಂತು ಜೋರಾಗಿ, ನಿಧಾನವಾಗಿ ಓದಬೇಕು. ಸಾಕ್ಷಿ ಕೇಳಿ ಕೈ ಎತ್ತಬೇಕು. ಆಮೇಲೆ ಅವರ ಕಣ್ಣೆದುರೇ ನಾನು ಆ ಸಾಲು ಹೊಡೆಯಬೇಕು. ತಪ್ಪಿದ್ದರೆ ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪು ಹಾಗೇ ಇರಲಿ, ಕೆಳಗೆ ತಿದ್ದುಪಡಿ ಬರಿ, ಸಹಿ ಹಾಕು ಎನ್ನುತ್ತಿದ್ದರು. ವಕೀಲರು ಗೊಣಗಿದರು. ಇದು ಟೆಸ್ಟ್ ಮ್ಯಾಚ್ ಕೋರ್ಟು, ಐದು ದಿನ ಆದರೂ ಡ್ರಾ ಎಂದು ನಗಾಡಿದರು. ಸಾಹೇಬರ ಕಿವಿಗೂ ಅದು ಬಿತ್ತು. "ಟೆಸ್ಟ್ ಮ್ಯಾಚ್ ಛಲೋ ಆಟ" ಎಂದರು.

ಒಮ್ಮೆ ಹಿರೇಕೊಟ್ನೆಕಲ್ಲಿನ ಒಬ್ಬ ಮುದುಕ ಹೊಲದ ಬದುವಿನ ಕೇಸಿನಲ್ಲಿ ಸಾಕ್ಷಿಗೆ ಬಂದಿದ್ದ. ನಾನು ಪೂರ್ತಿ ಓದಿದೆ. ಅವನು ಕೈ ಎತ್ತಲಿಲ್ಲ.

"ಯಾಕಜ್ಜ, ತಪ್ಪದೇನು?" ಎಂದರು ಸಾಹೇಬರು.

"ತಪ್ಪಿಲ್ಲ ಯಪ್ಪಾ. ಆದ್ರ ನಾ ಅಂವಗ ಬೈದದ್ದು ಬಂದಿಲ್ಲ."

"ಬೈದದ್ದು ಬರದ್ರ ನಿನಗ ಛಲೋ ಅಲ್ಲ ಅಜ್ಜ."

"ಹೊಲದ ತುದೀಗೆ ನಿಂತು ಅರ್ಧಾ ತಾಸು ಬೈದೀನ್ರೀ. ಹಂಗ ಸುಮ್ನ ಹೋಗಬೇಕೇನದು?"

ಕೋರ್ಟು ನಕ್ಕಿತು. ಸಾಹೇಬರು ಸೊಟ್ಟ ಬೆರಳಿನಿಂದ ಮೀಸೆ ಮುಚ್ಚಿಕೊಂಡು, ಬರಿ ಮೌಲಾಲಿ ಎಂದರು. ಬರೆದೆ. ಅಜ್ಜ ಎರಡೂ ಕೈ ಎತ್ತಿದ.

ಇನ್ನೊಮ್ಮೆ ಬುರ್ಖಾ ಹಾಕಿದ ಒಬ್ಬ ಹೆಣ್ಣುಮಗಳು ಗಂಡನ ಹೊಡೆತದ ಬಗ್ಗೆ ಸಾಕ್ಷಿ ಹೇಳಿದಳು. ಹೇಳುವಾಗ ದನಿಯೇ ಇರಲಿಲ್ಲ. ಕನ್ನಡ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಸಾಹೇಬರು, "ಮೌಲಾಲಿ, ನಿಮ್ಮ ಮನಿ ಮಾತಿನ್ಯಾಗ ಹೇಳೋ ಆ ತಂಗೀಗೆ" ಎಂದರು. ನಾನು ದಖನಿಯಲ್ಲಿ ಓದಿ ಹೇಳಿದೆ. ಅವಳು ಹೇಳುವಾಗ ಅಳದವಳು ಕೇಳುವಾಗ ಅತ್ತಳು. ತನ್ನ ಮಾತನ್ನು ಅಷ್ಟು ಜನ ಸುಮ್ಮನೆ ನಿಂತು ಕೇಳಿದ್ದು ಅದೇ ಮೊದಲಿರಬೇಕು. "ಹೌ ಸಾಬ್, ಐಸಾಚ್ ಬೋಲಿ ಮೈ" ಎಂದಳು, ಹೌದು, ಹೀಗೇ ಹೇಳಿದೆ ಎಂದು. ಕೈ ಅರ್ಧಕ್ಕೆ ಬಂದು ನಿಂತಿತು. ಸಾಹೇಬರು ಅವಸರ ಮಾಡಲಿಲ್ಲ. ಅದು ಪೂರ್ತಿ ಮೇಲೇರುವವರೆಗೆ ಕಾದರು.

ಆಟ ಬಿಟ್ಟವರಿಗೆ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಸಂಜೆ ಕಡತ ತೆಗೆದುಕೊಂಡು ಅವರ ಮನೆಗೆ ಹೋದರೆ ಹಿತ್ತಲಿನಲ್ಲಿ ಒಂದು ನೋಟ. ಸಾಹೇಬರು ಲುಂಗಿ ಮೇಲೆ ಕಟ್ಟಿ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಗಿರಿಜಾ ಅಕ್ಕೋರು ಆಗತಾನೆ ಸಾಲಿಯಿಂದ ಬಂದವರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಟೆನಿಸ್ ಚೆಂಡು ಎಸೆಯುತ್ತಿದ್ದರು. ಸಾಹೇಬರು ಹಿಡಿಯುವುದು, ಉರುಳಿಸಿ ಮರಳಿಸುವುದು. ನನ್ನನ್ನು ಕಂಡರೆ ಇಬ್ಬರೂ ನಾಚಿಕೊಂಡು ನಿಲ್ಲಿಸುತ್ತಿದ್ದರು. ಅಕ್ಕೋರು ಒಳಗೆ ಹೋಗಿ ನನಗೆ ಚಹಾ ತರುತ್ತಿದ್ದರು. ಹನ್ನೊಂದು ಜನರ ಆಟ ಆ ಹಿತ್ತಲಿಗೆ ಬಂದದ್ದು ಯಾರಿಂದ ಎಂದು ಗೊತ್ತಿದ್ದವನು ಅಲ್ಲಿ ಕೂತು ಆ ಚಹಾ ಕುಡಿಯುತ್ತಿದ್ದೆ.

ಆಮೇಲೆ ಕಂಪ್ಯೂಟರು ಬಂತು. ಕಾರ್ಬನ್ನಿನ ಕಪ್ಪು ಬೆರಳಿನಿಂದ ಹೋಯಿತು. ಅಕ್ಷರ ತಪ್ಪಾದರೆ ಗುರುತೂ ಉಳಿಯದಂತೆ ತಿದ್ದಬಹುದು. ನಮಗೆ ಹಂಚಿದ ಹೇಳಿಕೆಯ ನಮೂನೆಯನ್ನು ತೆರೆದು ನೋಡಿದೆ. ಮೇಲೆ ಪ್ರಮಾಣದ ಸಾಲು, ನಡುವೆ ಖಾಲಿ, ಕೆಳಗೆ 'ಓದಿ ಹೇಳಲಾಯಿತು, ಸರಿ ಇದೆ ಎಂದು ಒಪ್ಪಿದರು.' ಮೊದಲೇ ತುಂಬಿದೆ. ನನಗೆ ನಗು ಬಂತು. ಅಂದಿನಿಂದ ನಿವೃತ್ತಿಯವರೆಗೆ ದಿನಾ ಮುಂಜಾನೆ ನಾನು ಮಾಡುತ್ತಿದ್ದ ಮೊದಲ ಕೆಲಸ ಆ ಸಾಲನ್ನು ಅಳಿಸುವುದು. ನೀವೂ ಅಳಿಸಿ. ಓದಿ, ಕೈ ಎತ್ತಿಸಿ, ಆಮೇಲೆ ಹೊಡೆಯಿರಿ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ.

ಸಾಹೇಬರು ನಿವೃತ್ತರಾಗಿ ರಾಯಚೂರಿನಲ್ಲೇ ನೆಲೆಸಿದರು, ಅಕ್ಕೋರ ತವರೂರು. ನನ್ನ ಬೀಳ್ಕೊಡುಗೆಗೂ ಬಂದಿದ್ದರು. ಹಾರ ಹಾಕಿಸಿಕೊಂಡು ನಿಂತ ನನ್ನ ಕಿವಿಯ ಹತ್ತಿರ ಬಂದು, "ಮೌಲಾಲಿ, ಇನ್ನ ನಿನಗ ಯಾರ ಹಂಗೂ ಇಲ್ಲ ನೋಡು" ಎಂದರು. ನನಗೆ ಅರ್ಥವಾಯಿತು. ಆಗದವನಂತೆ ನಕ್ಕೆ. ಅವರು ಭುಜ ತಟ್ಟಿ ಹೋದರು. ಮುಂದೆ ಆರು ವರ್ಷ ಪ್ರತಿ ಶುಕ್ರವಾರ ನಮಾಜು ಮುಗಿಸಿ ಅವರ ಮನೆಗೆ ಹೋಗುತ್ತಿದ್ದೆ, ಇಬ್ಬರೂ ಟಿವಿಯಲ್ಲಿ ಆಟ ನೋಡುತ್ತಿದ್ದೆವು. ಅವರು ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಂದು ಮುಂಜಾನೆ ಸ್ನಾನ ಮುಗಿಸಿ ಹಿತ್ತಲಿನ ಕಟ್ಟೆಯ ಮೇಲೆ ಕೂತವರು ಏಳಲಿಲ್ಲ. ನಾನು ಹೋದಾಗ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಕಿರುಬೆರಳು ಮಾತ್ರ ಉಳಿದವುಗಳ ಜೊತೆ ಕೂಡದೆ ಬೇರೆಯಾಗಿ ನಿಂತಿತ್ತು.

ಇಷ್ಟನ್ನು ಬರೆದ ಮೇಲೆ ನಿನ್ನೆ ಅಕ್ಕೋರ ಮನೆಗೆ ಹೋದೆ. ಓದಿ ಹೇಳದೆ ಇದನ್ನು ಯಾರಿಗೂ ಕೊಡಲು ಮನಸ್ಸಾಗಲಿಲ್ಲ. ಹಿತ್ತಲಿನ ಕಟ್ಟೆಯ ಮೇಲೆ ಅವರು ಕುಳಿತರು. ನಾನು ಕೋರ್ಟಿನಲ್ಲಿ ನಿಲ್ಲುವಂತೆ ನಿಂತು ಮೊದಲಿನಿಂದ ಓದಿದೆ. 'ಓದಿದ್ದೆ ಸ್ವಾಮಿ' ಎಂಬಲ್ಲಿ ಓದು ನಿಲ್ಲಿಸಿದೆ. ನೀರು ಕುಡಿದು ಮತ್ತೆ ಓದಿದೆ.

ಮುಗಿದ ಮೇಲೆ ಅಕ್ಕೋರು ತಲೆ ಎತ್ತಿದರು.

"ನನಗ ಗೊತ್ತಿತ್ತು ಮೌಲಾಲಿ."

"ಯಾವಾಗಿಂದ್ರೀ ಅಕ್ಕೋರ?"

"ನಿನ್ನ ಮೇಜಿನ ಹತ್ರ ಬಂದು ಕುಂತಿದ್ರಲ್ಲ, ಅವತ್ತ ಸಂಜೀಕನ ಹೇಳಿದ್ರು. ಆ ಮಡಿಸಿದ ಹಾಳೀನೂ ತಂದಿದ್ರು."

"ಮತ್ತ ಇಷ್ಟು ವರ್ಷ ನನಗ ಚಾ ಕೊಟ್ರಲ್ಲರೀ!"

"ಚಾ ಕೊಡಬ್ಯಾಡ ಅಂತ ಅವರೇನು ಹೇಳಿದ್ದಿಲ್ಲ" ಎಂದರು. ಆಮೇಲೆ, "ಆ ಸಭಾದಾಗ ನೀ ಏಳ್ತೀಯೇನೋ ಅಂತ ಕಾದೆ. ಹಿಂದಕ್ಕ ತಿರುಗಿ ನೋಡಬಾರದು ಅಂತ ತಲಿ ತಗ್ಗಿಸಿ ಕುಂತಿದ್ದೆ" ಎಂದರು.

ಬರುವ ಶನಿವಾರ ಅದೇ ಸಭಾಂಗಣದಲ್ಲಿ, ಅವರೆಲ್ಲರ ಮುಂದೆ ನಿಂತು ಇದನ್ನು ಓದುತ್ತೇನೆ, ವಕೀಲರನ್ನು ಕೇಳಿ ಒಪ್ಪಿಸಿದ್ದೇನೆ ಎಂದೆ. ಅವರು ತಲೆಯಾಡಿಸಿದರು. ಆದರೆ ಕೈ ಎತ್ತಲಿಲ್ಲ.

"ತಪ್ಪದೇನ್ರೀ?"

"ಒಂದದ. ನಾ ಚೆಂಡು ಎಸೀತಿದ್ದೆ ಅಂತ ಬರದೀ. ಎಸೀತಿದ್ದಿಲ್ಲ. ಬೌಲ್ ಮಾಡ್ತಿದ್ದೆ. ಹಿಂಗ, ಮ್ಯಾಲಿಂದ, ಮೊಣಕೈ ಮಡಚಲಾರ್ದ." ಕೂತಲ್ಲಿಂದಲೇ ಕೈಯನ್ನು ಕಿವಿಯ ಪಕ್ಕದಿಂದ ತಿರುಗಿಸಿ ತೋರಿಸಿದರು. "ಎಸೆದ್ರ ಅವರು ಹಿಡೀತಿದ್ದಿಲ್ಲ. ನೋ ಬಾಲ್ ಅಂತ ಬಿಡ್ತಿದ್ರು."

ಮೇಲಿನದನ್ನು ಅಳಿಸಿಲ್ಲ. ತಿದ್ದುಪಡಿ ಇಲ್ಲಿದೆ: ಮಾನ್ವಿಯ ಹಿತ್ತಲಿನಲ್ಲಿ ಗಿರಿಜಾ ಅಕ್ಕೋರು ಚೆಂಡು ಎಸೆಯುತ್ತಿರಲಿಲ್ಲ, ಬೌಲ್ ಮಾಡುತ್ತಿದ್ದರು.

ಅದನ್ನೂ ಬರೆದು ಓದಿದೆ. ಆಗ ಅವರು ಕೈ ಎತ್ತಿದರು.

ಓದಿ ಹೇಳಿದೆ. ಸರಿ ಇದೆ ಎಂದರು.